ಪೀಪಾಯಿ ಆಟಕ್ಕೆ ಪಣವಿಟ್ಟ ಮೀಸೆ

ಗುಲಾಮ್ ರಸೂಲ್ ಕುವೈತಿನಿಂದ ರಜೆಗೆ ಬಂದಾಗ ತಮ್ಮ ತಾಜುದ್ದೀನನಿಗೆ ಒಂದು ಸೆಂಟಿನ ಬಾಟಲಿಯನ್ನೋ ಷರಟಿನ ಬಟ್ಟೆಯನ್ನೋ ಕೊಟ್ಟು ಸುಮ್ಮನಾಗಿದ್ದರೆ, ಯಲಹಂಕದ ಆ ಕಾರ್ಖಾನೆಯಲ್ಲಿ ಯಾರ ಮೀಸೆಗೂ ಕುತ್ತು ಬರುತ್ತಿರಲಿಲ್ಲ. ಪುಣ್ಯಾತ್ಮ ತಂದದ್ದು ಒಂದು ವಿಡಿಯೋ ಗೇಮು. ಬ್ರಿಗೇಡ್ ರೋಡಿನಲ್ಲಿ ಬೀರುವಿನಷ್ಟು ಎತ್ತರದ ಮಿಷನ್ನಿನ ಮುಂದೆ ನಿಂತು ಆಡುವ ಆಟವನ್ನೇ ಜಪಾನಿನವರು ಹಿಂಡಿ, ಬತ್ತಿಸಿ, ಸೋಪಿನ ಡಬ್ಬಿಯಷ್ಟು ಜಾಗದಲ್ಲಿ ತುಂಬಿದ್ದರು. ಗಾಜಿನ ಮೇಲ್ಗಡೆ ಒಂದು ಗೊರಿಲ್ಲಾ ಕೂತು ಪೀಪಾಯಿ ಉರುಳಿಸುತ್ತದೆ. ಕೆಳಗಿನಿಂದ ಟೋಪಿ ಹಾಕಿದ ಕಡ್ಡಿಯಂಥ ಮನುಷ್ಯನೊಬ್ಬ ಅವನ್ನು ಹಾರಿ ಹಾರಿ ಏಣಿ ಹತ್ತಬೇಕು. ಅವನಿಗೆ ಮೂರು ಜೀವ. ಮೂರೂ ಹೋದರೆ ಆಟ ಮುಗಿಯಿತು. ಎಷ್ಟು ಪಾಯಿಂಟು ಬಂತೆಂದು ಮೇಲಿನ ಮೂಲೆಯಲ್ಲಿ ಅಂಕಿಗಳು ಹೇಳುತ್ತವೆ.

ತಾಜುದ್ದೀನ್ ಅದನ್ನು ಕಾರ್ಖಾನೆಯ ಕ್ಯಾಂಟೀನಿಗೆ ತಂದ ದಿನದಿಂದ ಬೋನಸ್ಸಿನ ಮಾತು, ಕ್ರಿಕೆಟ್ಟಿನ ಮಾತು ಎರಡೂ ನಿಂತುಹೋದವು. ಇನ್ನೂರು ಪಾಯಿಂಟು ಮುಟ್ಟಿದವನು ಗಂಡಸು, ಐನೂರು ಮುಟ್ಟಿದವನು ಗಂಡುಗಲಿ ಎಂದು ಲೆಕ್ಕವಾಯಿತು. ಹೀಗಿರುವಾಗ ತಾಜುದ್ದೀನ್ ರಜೆ ಹಾಕಿ ಯಂತ್ರವನ್ನು ಮಾತ್ರ ಕಳಿಸಿದ್ದ ಒಂದು ದಿನ, ಸ್ಟೋರ್ಸಿನ ಶಿವಶರಣಪ್ಪನವರು ಅದನ್ನು ಕೈಗೆತ್ತಿಕೊಂಡರು. ಗದಗಿನ ಕಡೆಯ ಹಿರಿಯರು. ಕನ್ನಡಕ ಹಾಕಿದರೆ ದೂರದ್ದು ಕಾಣದು, ತೆಗೆದರೆ ಹತ್ತಿರದ್ದು ಕಾಣದು. ಟೀ ಮುಗಿಯುವ ಬೆಲ್ಲು ಇನ್ನೇನು ಹೊಡೆಯಬೇಕು ಅನ್ನುವಾಗ ಅವರು ಕೂಗಿದರು.

"ಬಂತು ನೋಡ್ರೋ!"

ಹತ್ತು ತಲೆಗಳು ಬಗ್ಗಿದವು. ಮೂಲೆಯಲ್ಲಿ 1259 ಎಂದಿತ್ತು.

"ನಾ ಈಗ ಗುಂಡಿ ಮುಟ್ಟೇ ಇಲ್ಲ. ಅಂವ ತಾನ ಹತ್ತಾಕತ್ತಾನ, ತಾನ ಹಾರಾಕತ್ತಾನ! ಕೈ ಅಷ್ಟು ಪಳಗೇತಿ ನಂದು" ಎಂದರು ಶಿವಶರಣಪ್ಪ. ಅಷ್ಟರಲ್ಲಿ ಬೆಲ್ಲಾಯಿತು, ಎಲ್ಲರೂ ಓಡಿದರು. ಸಂಜೆಯ ಹೊತ್ತಿಗೆ ಶಿವಶರಣಪ್ಪನವರ ಹೆಸರು ಪೇಂಟ್ ಷಾಪಿನವರೆಗೂ ಹಬ್ಬಿತ್ತು.

ಇದನ್ನು ನಂಬದವನು ಇಡೀ ಕಾರ್ಖಾನೆಯಲ್ಲಿ ಒಬ್ಬನೇ, ಟೈಮ್ ಆಫೀಸಿನ ಕಾಶಿನಾಥ.

ಕಾಶಿನಾಥ ಬಾದಾಮಿ ಕಡೆಯವನು. ಗೇಟಿನ ಪಕ್ಕದ ಪಂಚಿಂಗ್ ಗಡಿಯಾರ, ಕೆಲಸಗಾರರ ಕಾರ್ಡುಗಳು, ತಡವಾಗಿ ಬಂದವರ ಹೆಸರಿನ ಮುಂದೆ ಎಳೆಯುವ ಕೆಂಪು ಗೆರೆ, ಇಷ್ಟೇ ಅವನ ಸಾಮ್ರಾಜ್ಯ. ಮಧ್ಯಾಹ್ನ ಒಂದು ಗಂಟೆ ಎಂಬ ಮಾತು ಅವನ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಪಂಚಿಂಗ್ ಗಡಿಯಾರದ ಹಾಗೆ ಹದಿಮೂರು ಗಂಟೆ ಎನ್ನುತ್ತಿದ್ದ. ಮನೆಯಲ್ಲೂ "ಹದಿನೇಳೂವರಿಗೆ ಚಹಾ ಇಡು" ಅನ್ನುವ ಮನುಷ್ಯ. ಕೆಂಪು ಗೆರೆ ಎಳೆಯುವವನ ಮೇಲೆ ಯಾರಿಗೆ ತಾನೇ ಪ್ರೀತಿ ಇರುತ್ತದೆ? ಆಳು ಸಣಕಲು, ದನಿ ಕೀರಲು. ದೇವರು ಅವನಿಗೆ ಕೈಯೆತ್ತಿ ಕೊಟ್ಟದ್ದೆಂದರೆ ಮೀಸೆ. ದಪ್ಪನೆಯ, ಕಪ್ಪನೆಯ, ಎರಡು ತುದಿಯಲ್ಲೂ ಹುರಿಗೊಂಡ ಮೀಸೆ. ಬೆಳಿಗ್ಗೆ ಎದ್ದು ಅದಕ್ಕೆ ಹರಳೆಣ್ಣೆ ತೀಡಿದ ಮೇಲೇ ಅವನಿಗೆ ಮನುಷ್ಯನಾದೆ ಅನ್ನಿಸುತ್ತಿದ್ದದ್ದು. ದಾನವ್ವ ಮದುವೆಗೆ ಒಪ್ಪಿದ್ದೂ ಫೋಟೋದಲ್ಲಿನ ಮೀಸೆ ನೋಡಿಯೇ. ಆಳನ್ನು ನೋಡುವ ಹೊತ್ತಿಗೆ ಅಕ್ಷತೆ ಬಿದ್ದಾಗಿತ್ತು.

"ಗುಂಡಿ ಮುಟ್ಟದ ಸಾವಿರ ದಾಟ್ತೇತಂತ! ಯಾರ ಕಿವ್ಯಾಗ ಹೂವ ಇಡ್ತೀರಿ?" ಎಂದು ಕಾಶಿನಾಥ ಕ್ಯಾಂಟೀನಿನಲ್ಲಿ ಎದ್ದು ನಿಂತೇ ಕೇಳಿದ್ದ.

"ಮಂದಿ ಕಾರ್ಡಿಗೆ ಕೆಂಪು ಗೆರಿ ಎಳದಂಗಲ್ಲಪಾ ಇದು" ಎಂದರು ಶಿವಶರಣಪ್ಪ, ಟೀ ಹೀರುತ್ತ. "ಬೆರಳಾಗ ಗಂಡಸ್ತನ ಬೇಕು."

ಎಲ್ಲರೂ ಗೊಳ್ಳೆಂದು ನಕ್ಕರು. ಆ ನಗು ಕಾಶಿನಾಥನ ಮೀಸೆಯ ತುದಿಗೆ ತಾಗಿತು. "ಬುಧವಾರ ಟೀ ಮುಗಿಯೂ ಬೆಲ್ ಆಗೂದ್ರಾಗ ನಿಮ್ಮ ಸಾವಿರದ ಇನ್ನೂರ ಐವತ್ತೊಂಬತ್ತು ದಾಟಿ ತೋರಸ್ತೀನಿ. ಇಲ್ಲಂದ್ರ ಈ ಮೀಸಿ ಬೋಳಿಸ್ಕೋತೀನಿ!" ಎಂದುಬಿಟ್ಟ. ಶಿವಶರಣಪ್ಪ ತಣ್ಣಗೆ ಒಂದು ಷರತ್ತು ಸೇರಿಸಿದರು. ಮನೆಯಲ್ಲಿ ದಾಟಿದೆ, ಹೆಂಡತಿ ನೋಡಿದಳು ಅಂದರೆ ನಡೆಯದು. ಅಂಕಿ ಇಲ್ಲಿ, ಈ ಟೇಬಲ್ಲಿನ ಮೇಲೆ, ಎಲ್ಲರ ಕಣ್ಣಿಗೆ ಬೀಳಬೇಕು.

ಬುಧವಾರ ಬಂದೇಬಿಟ್ಟಿತು. ಕಾಶಿನಾಥ ಹಿಂದಿನ ಸಂಜೆಯೇ ತಾಜುದ್ದೀನನಿಗೆ ಗೋಗರೆದು ಯಂತ್ರವನ್ನು ಮನೆಗೆ ತಂದಿದ್ದ. ಬೆಳಗಿನ ಅರ್ಧ ದಿನಕ್ಕೆ ರಜೆ ಹಾಕಿ ಕೊಡಿಗೇಹಳ್ಳಿಯ ಬಾಡಿಗೆ ಮನೆಯಲ್ಲಿ ಚಾಪೆಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ. ಒಳಗೆ ದಾನವ್ವ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ನಲ್ಲಿಯ ಹತ್ತಿರ ಮನೆಯ ಒಡತಿ ಮುನಿನಾರಾಯಣಮ್ಮ ಪಾತ್ರೆ ಬೆಳಗುತ್ತಿದ್ದಳು. ಬಿಸಿಲೇರಿತು. ಕಾಶಿನಾಥ ಇನ್ನೂರು ದಾಟಿದ, ಐನೂರು ದಾಟಿದ.

"ಅಯ್ಯೋ, ಒಂದ್ ಜೀವ ಹೋತು!"

ನಲ್ಲಿಯ ಹತ್ತಿರ ಪಾತ್ರೆಯ ಸದ್ದು ನಿಂತಿತು.

ಎಂಟುನೂರರ ಹತ್ತಿರ ಒಂದು ಪೀಪಾಯಿ ಮೋಸ ಮಾಡಿತು. "ಎರಡನೇದೂ ಹೋತಲ್ಲೋ ಶಿವನ! ಒಂದ ಉಳೀತು!"

ಮುನಿನಾರಾಯಣಮ್ಮ ಬೂದಿಯ ಕೈಯಲ್ಲೇ ಎದ್ದು ನಿಂತಳು. ಕಾಶಿನಾಥನಿಗೆ ಇದ್ಯಾವುದರ ಪರಿವೆಯೂ ಇಲ್ಲ. ಸಾವಿರ, ಸಾವಿರದ ನೂರು, ಸಾವಿರದ ಇನ್ನೂರು. 1259. 1260. ಇನ್ನೂ ಮೂರು ಪೀಪಾಯಿ ಹಾರಿದ ಟೋಪಿಯವನು ನಾಲ್ಕನೆಯದಕ್ಕೆ ಸಿಕ್ಕಿ ಬಿದ್ದ. ಕಾಶಿನಾಥ ಚಾಪೆಯಿಂದ ಚಿಮ್ಮಿ ಎದ್ದ.

"ಮೂರೂ ಜೀವ ಹೋದುವು! ಏ ದಾನವ್ವಾ, ಮೂರೂ ಹೋದುವು!"

ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಮೂಲೆಯಲ್ಲಿ 1263 ಗಟ್ಟಿಯಾಗಿ ನಿಂತಿತ್ತು. ಯಾವುದಾದರೂ ಗುಂಡಿ ಒತ್ತುವ ತನಕ ಅದು ಹಾಗೇ ಇರುತ್ತದೆ. ಒತ್ತಿದರೆ ಹೋಯಿತು. ಈಗ ಅವನ ಮೀಸೆಗೂ ಬೋಳಿಗೂ ನಡುವೆ ಉಳಿದಿದ್ದ ಕೆಲಸ ಒಂದೇ. ಈ ಅಂಕಿಯನ್ನು ಒಂದಿಷ್ಟೂ ಅಲುಗಾಡಿಸದೆ ಕ್ಯಾಂಟೀನಿನ ಟೇಬಲ್ಲಿಗೆ ಮುಟ್ಟಿಸಬೇಕು.

ಬಾಗಿಲಲ್ಲಿ ಮುನಿನಾರಾಯಣಮ್ಮ ಎದೆ ಹಿಡಿದು ನಿಂತಿದ್ದಳು. "ಅಯ್ಯೋ ಕಾಸಿನಾತಪ್ಪ! ಮೂರ್ ಜೀವವಾ? ಒಂದೇ ದಿನ್ದಾಗಾ? ಯಾರಪ್ಪ ಓದೋರು?"

"ಹೋಗ್ಲಿ ಬಿಡ್ರಿ ಅಮ್ಮಾರ! ಹೋದ್ರ ಹೋಗ್ಲಿ! ಸಾಯೂಕ್ಕಿಂತ ಮೊದಲ ಸಾವಿರದ ಇನ್ನೂರ ಅರವತ್ಮೂರು ಮಾಡಿಟ್ಟ ಹೋಗ್ಯಾನ!"

"ಪಾಪ, ಒಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟಿದ್ದೇನೋ" ಎಂದು ಮುನಿನಾರಾಯಣಮ್ಮ ಸೆರಗು ಬಾಯಿಗಿಟ್ಟು ಅತ್ತಳು. ಅತ್ತದ್ದು ಕೇಳಿ ವಠಾರದ ಹೆಂಗಸರೆಲ್ಲ ಓಡಿಬಂದರು. ದಾನವ್ವ ಹಿಟ್ಟಿನ ಕೈ ಬೀಸುತ್ತ, "ಯಾರೂ ಸತ್ತಿಲ್ರೀ, ಅದು ಆಟದಾಗಿನ ಮನಿಷ್ಯಾ" ಎಂದು ಬಾಯಿ ಬಡಿದುಕೊಂಡಳು. ದುಃಖಕ್ಕೆ ಬುದ್ಧಿ ಕಲಕಿದೆ ಎಂದು ಅವಳನ್ನೇ ಇಬ್ಬರು ಹಿಡಿದು ಕೂರಿಸಿದರು.

"ನನಗ ಹೊತ್ತಾಗೇತಿ, ದಾರಿ ಬಿಡ್ರಿ!" ಎಂದ ಕಾಶಿನಾಥ.

"ಸಾವಿನ್ ಸುದ್ದಿ ಕೇಳ್ದೋನು ತಲೆ ಮ್ಯಾಕೆ ನೀರ್ ಉಯ್ಕೊಳ್ದೆ ಒಸ್ಲು ದಾಟ್ತೀಯಾ? ನನ್ ಮನೇಲಿ ಅದೆಲ್ಲ ನಡ್ಯಾಕಿಲ್ಲ" ಎಂದಳು ಮುನಿನಾರಾಯಣಮ್ಮ.

"ಆಗೂದಿಲ್ಲ!"

ಅವನು ಆಗೂದಿಲ್ಲ ಎಂದು ಮುಗಿಸುವುದರೊಳಗೆ ಮೊದಲ ಬಿಂದಿಗೆ ತಲೆಯ ಮೇಲಿತ್ತು. ಕಾಶಿನಾಥ ಬಲಗೈಯನ್ನು ಸೂರಿಗೆ ತಾಗುವಷ್ಟು ಮೇಲೆತ್ತಿ, ಅಂಗೈಯಲ್ಲಿ ಯಂತ್ರವನ್ನು ಹಿಡಿದು, ಕಂಬದ ಹಾಗೆ ನಿಂತ. ಎರಡನೇ ಬಿಂದಿಗೆ ಬಂತು. ಮೂರು ಜೀವಕ್ಕೆ ಮೂರು ಬಿಂದಿಗೆ ಎಂದು ಯಾರೋ ಲೆಕ್ಕ ಹೇಳಿದರು. ಮೂರನೆಯದೂ ಬಂತು. ಹರಳೆಣ್ಣೆಯ ಮೀಸೆ ಎರಡೂ ಕಡೆ ಜೋತು ನೀರು ತೊಟ್ಟಿಕ್ಕಿತು. ಆದರೆ ಮೇಲೆತ್ತಿದ ಕೈ ಇಳಿಯಲಿಲ್ಲ, 1263 ಅಲುಗಲಿಲ್ಲ.

ದಾನವ್ವ ಹೇಗೋ ಬಿಡಿಸಿಕೊಂಡು ಬಂದು, ರೊಟ್ಟಿ ಬುಟ್ಟಿಯಲ್ಲಿ ಮೆತ್ತನೆಯ ಬಟ್ಟೆ ಹಾಸಿ, ಯಂತ್ರವನ್ನು ಅದರೊಳಗೆ ಮಲಗಿಸಿ, ಧೂಳು ಬೀಳದ ಹಾಗೆ ಮೇಲೊಂದು ಬಿಳಿ ಅರಿವೆ ಮುಚ್ಚಿ ಕೊಟ್ಟಳು. "ಮೀಸಿ ಉಳಿಸ್ಕೊಂಡ ಮನಿಗೆ ಬರ್ರಿ" ಎಂದಳು. ಮಾತು ಮೆಲ್ಲಗಿತ್ತು, ಆದರೆ ತಮಾಷೆಗೆ ಆಡಿದ್ದಲ್ಲ.

ಒದ್ದೆ ತಲೆ, ಒದ್ದೆ ಪಂಚೆ, ಎರಡು ಕೈಯಲ್ಲೂ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ. ಬಳ್ಳಾರಿ ರಸ್ತೆಯಲ್ಲಿ ಬಹಳ ಹೊತ್ತು ಕಾದ ಮೇಲೆ ಯಲಹಂಕದ ಬಸ್ಸು ಸಿಕ್ಕಿತು. ಅವನು ಹತ್ತುತ್ತಲೇ ಬಸ್ಸಿನಲ್ಲಿ ಮಾತು ನಿಂತಿತು. ಕಂಡಕ್ಟರು ಟಿಕೇಟನ್ನೂ ಕೇಳದೆ, "ಕೂತ್ಕೊಳ್ಳಿ ಸಾರ್" ಎಂದು ಮುಂದಿನ ಸೀಟು ಬಿಡಿಸಿಕೊಟ್ಟ. ಜಗತ್ತಿನಲ್ಲಿ ಇನ್ನೂ ಒಳ್ಳೆಯತನ ಇದೆ ಎಂದು ಕಾಶಿನಾಥನಿಗೆ ಅನ್ನಿಸಿತು. ಪಕ್ಕದಲ್ಲಿ ಬಾಗಲೂರಿನ ಚಿಕ್ಕಬೈರಪ್ಪ ಎಂಬ ಹಿರಿಯ ಕೂತಿದ್ದ. ಊರಿನ ಎಲ್ಲ ಸಾವುನೋವಿಗೂ ಮುಂದೆ ನಿಲ್ಲುವ ಪೈಕಿ ಎಂದು ಅವನ ಮುಖವೇ ಹೇಳುತ್ತಿತ್ತು.

"ಯಾರಪ್ಪ?" ಎಂದ ಚಿಕ್ಕಬೈರಪ್ಪ, ಬುಟ್ಟಿಯ ಕಡೆ ಕಣ್ಣು ತೋರಿಸಿ.

"ಮೂರು ಜೀವ ಹೋದ ಮ್ಯಾಲೆ ಸಿಕ್ಕೇತ್ರೀ ಇದು. ಅಲುಗಾಡಿಸಬ್ಯಾಡ್ರಿ" ಎಂದ ಕಾಶಿನಾಥ.

ಚಿಕ್ಕಬೈರಪ್ಪ ತಲೆಯ ಮೇಲಿನ ಟವೆಲ್ಲು ತೆಗೆದು ಮಡಿಲಲ್ಲಿಟ್ಟುಕೊಂಡ. ಮೂರು ಜನದ ಅಸ್ಥಿ ಎಂಬ ಪಿಸುಮಾತು ಹಿಂದಿನ ಸೀಟಿನವರೆಗೂ ಹೋಯಿತು. ಅಲ್ಲಿಂದ ಒಬ್ಬಳು, "ಬಸ್ಸಲ್ಲೆಲ್ಲ ತರಬಾರದು ಕಣ್ರೀ, ಮಕ್ಕಳುಮರಿ ಇರ್ತಾರೆ" ಎಂದಳು. ಇನ್ನೊಬ್ಬ, "ಪಾಪ, ಎಲ್ಲಿ ಬಿಡಬೇಕು ಅಂತ ಗೊತ್ತಿಲ್ವೇನೋ" ಎಂದ. ಅಲ್ಲಾಳಸಂದ್ರದ ಕೆರೆ ಕಾಣುವ ಜಾಗದಲ್ಲಿ ಕಂಡಕ್ಟರು ಸ್ಟಾಪಿಲ್ಲದಿದ್ದರೂ ಸೀಟಿ ಊದಿ ಬಸ್ಸು ನಿಲ್ಲಿಸಿದ.

"ಇಳೀರಿ ಸಾರ್. ಕೆರೆ ತುಂಬಾ ನೀರಿದೆ."

"ನಾ ಯಾಕ ಇಳೀಲಿ? ನಾ ಯಲಹಂಕಕ್ಕ ಹೋಗ್ಬೇಕು. ಇಳಿಯೂದಿಲ್ಲ!"

"ಬಿಡಕ್ಕೆ ಮನಸ್ ಬರಾಕಿಲ್ಲಪ್ಪ, ನಂಗೊತ್ತು. ನಮ್ಮಪ್ಪಂದು ನಾನೂ ಮೂರ್ ದಿನ ಇಟ್ಕಂಡಿದ್ದೆ" ಎಂದ ಚಿಕ್ಕಬೈರಪ್ಪ ಅವನ ತೋಳು ಹಿಡಿದು ಎಬ್ಬಿಸಿದ. ಕೈ ಕೊಸರಿದರೆ ಬುಟ್ಟಿ ಅಲುಗುತ್ತದೆ. ಬಾಯಿ ಬಿಟ್ಟು ಹೇಳಿದರೆ ಯಾರೂ ಕೇಳುವುದಿಲ್ಲ. ಕಾಶಿನಾಥನನ್ನು ಇಳಿಸಿ, ತಾನೂ ಇಳಿದು, ಇನ್ನೊಬ್ಬ ಪರೋಪಕಾರಿಯನ್ನೂ ಇಳಿಸಿಕೊಂಡು ಚಿಕ್ಕಬೈರಪ್ಪ ಕೆರೆಯ ಕಡೆ ನಡೆಸಿದ. ಬಸ್ಸಿನ ಕಿಟಕಿಗಳಲ್ಲಿ ನಾಲ್ಕೈದು ಜನ ಕೈಮುಗಿದರು.

ದಡದಲ್ಲಿ ಚಿಕ್ಕಬೈರಪ್ಪ ಪಂಚೆ ಮೇಲೆ ಕಟ್ಟಿ ಮೊಣಕಾಲಿನ ತನಕ ನೀರಿಗಿಳಿದು ಕೈ ಚಾಚಿದ. "ಕೊಡಪ್ಪ. ಒಂದ್ಸಲ ಎಸ್ರು ಏಳಿ ಬಿಟ್ಬುಡಾನ."

"ಇದರಾಗ ಗೇಮ್ ಐತ್ರೀ! ಆಟ! ಆಟ ಆಡೂ ಮಿಷಿನ್ನು!"

"ಊಂ ಕಣಪ್ಪ, ಎಲ್ಲಾನೂ ಅವನ್ ಆಟನೇ" ಎಂದು ಚಿಕ್ಕಬೈರಪ್ಪ ಆಕಾಶ ನೋಡಿ ನಿಟ್ಟುಸಿರುಬಿಟ್ಟ. ಪಕ್ಕದ ಪರೋಪಕಾರಿ ಬುಟ್ಟಿಗೆ ಕೈ ಹಾಕಿದ.

ಕಾಶಿನಾಥ ಓಡಿದ. ಹಾಗೆಂದರೆ ಪೂರ್ತಿ ಸರಿಯಲ್ಲ, ಕಾಲು ಮಾತ್ರ ಓಡಿದವು. ಸೊಂಟದಿಂದ ಮೇಲಿನ ಮನುಷ್ಯ, ತುಂಬಿದ ಎಣ್ಣೆಯ ಬಟ್ಟಲು ಹೊತ್ತವನ ಹಾಗೆ, ಒಂಚೂರೂ ಅಲುಗದೆ ಗಾಳಿಯಲ್ಲಿ ತೇಲಿದ. ಹಿಂದಿನಿಂದ "ಮನಸ್ ಗಟ್ಟಿ ಮಾಡ್ಕಳಪ್ಪೋ!" ಎಂಬ ಕೂಗು ಬಹಳ ದೂರ ಬಂತು. ಬಿಸಿಲಿಗೆ ಗಾಜು ಕಪ್ಪಾಗಿಬಿಟ್ಟರೆ ಎಂದು ಹೆದರಿ ಬುಟ್ಟಿಯ ಮೇಲೆ ತಾನೇ ಬಗ್ಗಿ ನೆರಳಾದ. ಅಲ್ಲಲ್ಲಿ ಮರದಡಿ ನಿಂತು ಅರಿವೆ ಎತ್ತಿ ನೋಡಿದ. ಪ್ರತಿ ಸಲವೂ 1263. ಪ್ರತಿ ಸಲವೂ ಅವನ ಎದೆ ಉಬ್ಬಿತು. ಹುಟ್ಟಿದ ಮೇಲೆ ಅವನು ಯಾವುದರಲ್ಲೂ ಮೊದಲನೆಯವನಾಗಿರಲಿಲ್ಲ. ಕಬಡ್ಡಿಯಲ್ಲಿ, ಪರೀಕ್ಷೆಯಲ್ಲಿ, ಪ್ರಮೋಷನ್ನಿನಲ್ಲಿ ಎಲ್ಲದರಲ್ಲೂ ಅವನ ಮುಂದೆ ಯಾರೋ ಒಬ್ಬ ಇದ್ದೇ ಇರುತ್ತಿದ್ದ. ಇವತ್ತು ಮಾತ್ರ ಯಾರೂ ಇಲ್ಲ.

ಹದಿಮೂರು ಗಂಟೆಗೆ ಹಾಜರಾಗಬೇಕಿದ್ದ ಟೈಮ್ ಆಫೀಸಿನ ಕ್ಲಾರ್ಕು ಕಾರ್ಖಾನೆಯ ಗೇಟು ಮುಟ್ಟಿದಾಗ ಟೀ ಹೊತ್ತು ಸಮೀಪಿಸಿತ್ತು. ಪಂಚಿಂಗ್ ಗಡಿಯಾರ ಅವನನ್ನೇ ದುರುಗುಟ್ಟಿ ನೋಡಿತು. 15:13. ಅವನೇ ಬೇರೆಯವರಿಗೆ ಎಳೆಯುತ್ತಿದ್ದ ಕೆಂಪು ಗೆರೆ ಇವತ್ತು ಅವನಿಗೆ. ಎಳೀಲಿ, ಮೀಸೆ ಉಳಿದರೆ ಸಾಕು.

"ನಿಂತ್ಕಳಿ ಸಾ" ಎಂದ ವಾಚ್‌ಮನ್ ಮುನಿಆಂಜಿನಪ್ಪ. "ಬುಟ್ಟೀಲೇನು?"

"ತಾಜುದ್ದೀನಂದು ಪೀಪಾಯಿ ಆಟ. ನಿನಗ ಗೊತ್ತಿಲ್ಲೇನು? ಬಿಡು, ಬೆಲ್ಲಾಗ್ತೈತಿ."

ಮುನಿಆಂಜಿನಪ್ಪ ನಿಯತ್ತಿನ ಮನುಷ್ಯ. ತಡವಾಗಿ ಬಂದವರ ವೇಳೆಯನ್ನು ಗೇಟಿನ ಪುಸ್ತಕದಲ್ಲಿ ಬರೆಯದೆ ಒಳಗೆ ಬಿಟ್ಟವನಲ್ಲ. ಆ ನಿಯಮವನ್ನು ಅವನ ತಲೆಗೆ ಬಡಿದು ಬಡಿದು ಕಲಿಸಿದವನೂ ಕಾಶಿನಾಥನೇ. ಪಂಚಿಂಗ್ ಗಡಿಯಾರದ ಹದಿನಾಲ್ಕು ಹದಿನೈದು ಅವನಿಗೆ ಅರ್ಥವಾಗುತ್ತಿರಲಿಲ್ಲ, ಸ್ವಂತದ ವಾಚು ಕೆಟ್ಟು ವಾರವಾಗಿತ್ತು. ಬಿಳಿ ಅರಿವೆ ಎತ್ತಿ ನೋಡಿದ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದನ್ನು ಹೋದ ವರ್ಷವಷ್ಟೇ ಕಲಿತಿದ್ದ. ಯಂತ್ರದ ಬಲಗಡೆಯ ಸಣ್ಣ ಗುಂಡಿಯ ಕೆಳಗಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದ.

"ಟೈಮ್! ಇಲ್ಲೇ ಬರ್ದವ್ರಲ್ಲ ಸಾ, ಟೈಮ್ ಅಂತ" ಎಂದು ಹಿಗ್ಗಿ ಅದುಮಿದ.

"ಏಏಏ!" ಎಂದ ಕಾಶಿನಾಥ. ಆ ಕೂಗಿಗೆ ಗೇಟಿನ ಮೇಲಿದ್ದ ಕಾಗೆಗಳು ಹಾರಿದವು.

1263 ಹೋಗಿತ್ತು.

"ಅನ್ನೆರಡು ನಲ್ವತ್ಮೂರು" ಎಂದು ಓದಿ ಮುನಿಆಂಜಿನಪ್ಪ ಪುಸ್ತಕದಲ್ಲಿ ಬರೆಯಹೊರಟ.

ಕಾಶಿನಾಥ ಕಾಂಪೌಂಡಿಗೆ ಒರಗಿ ಕುಸಿದ. ಮೂರು ಬಿಂದಿಗೆ ನೀರು, ಒಂದು ಬಸ್ಸು, ಒಂದು ಕೆರೆ, ಎಲ್ಲವನ್ನೂ ದಾಟಿ ಬಂದ ಅಂಕಿ ಗೇಟಿನಲ್ಲಿ ಸತ್ತುಬಿತ್ತು. ಅವನಿಗೆ ಅಳು ಬಂತು. ಅಳುತ್ತಲೇ ಗಾಜನ್ನು ನೋಡಿದ. ಟೋಪಿಯ ಮನುಷ್ಯ ಯಾರೂ ಗುಂಡಿ ಒತ್ತದಿದ್ದರೂ ತಾನೇ ಏಣಿ ಹತ್ತುತ್ತಿದ್ದ, ತಾನೇ ಪೀಪಾಯಿ ಹಾರುತ್ತಿದ್ದ. ಪಾಯಿಂಟು ಬರುವ ಮೂಲೆಯಲ್ಲೇ 1243. ನಡುವೆ ಸಾಸಿವೆಗಿಂತ ಸಣ್ಣ ಎರಡು ಚುಕ್ಕಿ. ನೋಡುತ್ತಿದ್ದ ಹಾಗೇ ಅದು 1244 ಆಯಿತು.

ಕಾಶಿನಾಥನ ಅಳು ನಿಂತಿತು. ಇದು ಗಡಿಯಾರ! ಇಲ್ಲಿ ಹದಿನೈದು ಹದಿನಾಲ್ಕು, ಅಲ್ಲಿ ಹನ್ನೆರಡು ನಲವತ್ತನಾಲ್ಕು, ನಡುವೆ ಎರಡೂವರೆ ಗಂಟೆ. ಕುವೈತಿಗೆ ಟ್ರಂಕ್ ಕಾಲ್ ಮಾಡುವಾಗ ಎರಡೂವರೆ ಗಂಟೆ ಕಳೆದುಕೊಳ್ಳಬೇಕು ಎಂದು ತಾಜುದ್ದೀನ್ ಹೇಳುತ್ತಲೇ ಇರುತ್ತಾನೆ. ಗುಲಾಮ್ ರಸೂಲ್ ಅಲ್ಲಿನ ವೇಳೆಯನ್ನು ತಿದ್ದದೆ ಹಾಗೇ ತಂದುಕೊಟ್ಟಿದ್ದಾನೆ. ಅಂದರೆ ಶಿವಶರಣಪ್ಪ ಆವತ್ತು ಟೀ ಬೆಲ್ಲಿನ ಹೊತ್ತಿಗೆ ಕಣ್ಣು ಕಾಣದೆ ಇದೇ ಗುಂಡಿ ಒತ್ತಿದ್ದಾರೆ. ಇಡೀ ಕಾರ್ಖಾನೆ ಹಾಡಿಹೊಗಳಿದ 1259, ಕುವೈತಿನ ಮಧ್ಯಾಹ್ನ!

ಓಡಿಹೋಗಿ ಎಲ್ಲರಿಗೂ ಹೇಳಿಬಿಡಲೇ ಎಂದುಕೊಂಡ. ಯಾರು ನಂಬುತ್ತಾರೆ? ಸೋತವನ ಕಿತಾಪತಿ ಎನ್ನುತ್ತಾರೆ. ಅಲ್ಲದೆ ಪಣ ಇದ್ದದ್ದು ಅಂಕಿ ದಾಟುವುದಕ್ಕೆ. ಆಗ ಅವನ ತಲೆಯಲ್ಲಿ ಟೈಮ್ ಆಫೀಸು ಕೆಲಸ ಮಾಡಿತು. 1259 ಆದ ಮೇಲೆ ಏನು? 1300! ಹದಿಮೂರು ಗಂಟೆ! ಹದಿನೈದೂವರೆಯ ಬೆಲ್ಲು ಹೊಡೆಯುವುದಕ್ಕೂ ಅದಕ್ಕೂ ಸರಿಹೋಗುತ್ತದೆ. ಶಿವಶರಣಪ್ಪನವರ ಗಡಿಯಾರವನ್ನು ಗಡಿಯಾರದಿಂದಲೇ ಹೊಡೆಯಬೇಕು. ಇದರಲ್ಲಿ ಮೋಸವೇನು ಬಂತು? ಅವನ ನಿಜವಾದ 1263 ದೇವರಿಗೆ ಗೊತ್ತು, ದಾನವ್ವನಿಗೆ ಗೊತ್ತು.

"ಬರ್ಕೋಪಾ ಮುನಿಆಂಜಿನಪ್ಪ, ಏನ್ ಬೇಕಾದ್ದು ಬರ್ಕೋ" ಎಂದು ಮೀಸೆ ಹಿಂಡಿ, ತುದಿ ತಿರುವಿ, ಬುಟ್ಟಿ ಎತ್ತಿಕೊಂಡು ಕಾಶಿನಾಥ ಒಳಗೆ ನಡೆದ.

ಕ್ಯಾಂಟೀನು ಕಿಕ್ಕಿರಿದಿತ್ತು. ಶಿವಶರಣಪ್ಪ ಮಧ್ಯದ ಟೇಬಲ್ಲಿನಲ್ಲಿ ಕೂತು ಆಗಲೇ ಮೀಸೆಯ ಶ್ರದ್ಧಾಂಜಲಿ ಭಾಷಣ ಶುರುಮಾಡಿದ್ದರು. ಕಾಶಿನಾಥ ಬುಟ್ಟಿಯನ್ನು ಅವರ ಮುಂದೆ ಇಟ್ಟು ಅರಿವೆ ಸರಿಸಿದ. 1247.

"ಇನ್ನೂ ಕಡಿಮಿ ಐತಲ್ಲಪಾ" ಎಂದರು ಶಿವಶರಣಪ್ಪ, ಕನ್ನಡಕ ಏರಿಸಿ ಇಳಿಸಿ.

"ಆಟ ಇನ್ನೂ ಮುಗದಿಲ್ರೀ. ನೀವು ಮುಟ್ಟದ ಆಡಿದ್ರಲ್ಲ? ನಾನೂ ಮುಟ್ಟದ ಆಡ್ತೀನಿ" ಎಂದು ಕಾಶಿನಾಥ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ ನಿಂತ.

ಟೋಪಿಯವನು ಹತ್ತಿದ, ಹಾರಿದ. 1248. ಕ್ಯಾಂಟೀನಿನಲ್ಲಿ ಹೋ ಎಂಬ ಸದ್ದೆದ್ದಿತು. ಟೀ ಲೋಟಗಳು ಕೈಯಲ್ಲೇ ಉಳಿದವು. ಹಿಂದಿನವರು ಬೆಂಚು ಹತ್ತಿದರು. ಗುಂಪು ಸೀಳಿಕೊಂಡು ಬಂದ ತಾಜುದ್ದೀನ್ ಗಾಜಿನ ಮೇಲೆ ಬಗ್ಗಿ, ಹುಬ್ಬು ಗಂಟಿಕ್ಕಿ, "ಕಾಶಿ ಅಣ್ಣಾ, ಇದು ಆಟ ಅಲ್ಲ..." ಎಂದು ಬಾಯಿ ತೆರೆದ. ಕಾಶಿನಾಥ ಅವನ ಪಾದವನ್ನು ಚಪ್ಪಲಿಯಲ್ಲಿ ಒತ್ತಿ ಹಿಡಿದು, "ನೀ ಸುಮ್ಮನಿರೋ. ನಡುವ ಬಾಯಿ ಹಾಕಿದ್ರ ಆಟ ಕೆಡ್ತೈತಿ" ಎಂದ. ತಾಜುದ್ದೀನ್ ಮತ್ತೊಮ್ಮೆ ಬಾಯಿ ತೆರೆದ. ಗುಂಪೇ ಅವನನ್ನು ಶ್ ಎಂದು ಅದುಮಿತು.

1253. 1254. ಎಂದೂ ಕಾಶಿನಾಥನ ಮುಖ ನೋಡದ ಪೇಂಟ್ ಷಾಪಿನವರು ಅವನ ಬೆನ್ನು ತಟ್ಟಿದರು. ಕೆಂಪು ಗೆರೆ ತಿಂದವನೊಬ್ಬ "ಬಿಡ್ಬೇಡ ಗುರು, ಎತ್ತು!" ಎಂದು ಕೂಗಿದ. ಶಿವಶರಣಪ್ಪನವರ ಹಣೆಯಲ್ಲಿ ಬೆವರು ಮೂಡಿತು. 1257 ಆದಾಗ ಅವರು, "ಕಾಶಿನಾಥ, ಇಬ್ರೂ ಒಂದ ಕಡೆಯಾವ್ರು. ಸಮಾ ಸಮಾ ಅಂತ ಬಿಟ್ಬಿಡೂಣು" ಎಂದು ಮೆತ್ತಗೆ ಹೇಳಿದರು.

"ಆಗೂದಿಲ್ಲ" ಎಂದ ಕಾಶಿನಾಥ. ಜೀವನದಲ್ಲಿ ಅಷ್ಟು ಗಟ್ಟಿ ದನಿ ಅವನಿಗೆ ಎಂದೂ ಬಂದಿರಲಿಲ್ಲ. "ಬೆರಳಾಗ ಏನೋ ಬೇಕಂದ್ರಲ್ಲ, ಅದನ್ನ ತೋರಸ್ತೀನಿ. ನೋಡ್ಕೋತ ಇರ್ರಿ. ಒಂದ ಏಟಿಗೆ ಸಾವಿರದ ಮುನ್ನೂರು!"

1258. 1259. ಟೋಪಿಯವನು ಕೊನೆಯ ಏಣಿ ಹತ್ತುತ್ತಿದ್ದ. ಕಾಶಿನಾಥ ಮೀಸೆಯ ಮೇಲೆ ಎರಡು ಬೆರಳಿಟ್ಟು, ಗಲ್ಲ ಮೇಲೆತ್ತಿ, ಕಣ್ಣು ಮುಚ್ಚಿದ. ಬೆಲ್ಲು ಹೊಡೆಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾಶಿನಾಥ ಮೆಲ್ಲಗೆ ಕಣ್ಣು ಬಿಟ್ಟ. ಮೂಲೆಯಲ್ಲಿ ಮೂರೇ ಅಂಕಿ ಇದ್ದವು. 100.

"ಅದನ್ನೇ ಹೇಳಕ್ಕೆ ಬಂದೆ ಅಣ್ಣಾ, ನೀವು ಕಾಲು ಬಿಡಲಿಲ್ಲ" ಎಂದ ತಾಜುದ್ದೀನ್, ಪಾದ ಉಜ್ಜಿಕೊಳ್ಳುತ್ತ. "ಅದು ಟೈಮು. ಇದು ಹನ್ನೆರಡು ಗಂಟೆ ಗಡಿಯಾರ. ಹನ್ನೆರಡು ಐವತ್ತೊಂಬತ್ತು ಆದ್ಮೇಲೆ ಒಂದು."

ಪ್ರಪಂಚದಲ್ಲಿ ಒಂದು ಗಂಟೆ ಎಂಬುದೂ ಇದೆ ಅನ್ನುವುದನ್ನು ಕಾಶಿನಾಥ ಎಷ್ಟೋ ವರ್ಷದ ಹಿಂದೆ ಮರೆತಿದ್ದ. "ಕೇಳಿದ್ರೆಲ್ಲ! ಇದು ಗಡಿಯಾರ!" ಎಂದು ಕೂಗಿದ. "ಹಂಗಾದ್ರ ಇವರ ಸಾವಿರದ ಇನ್ನೂರ ಐವತ್ತೊಂಬತ್ತೂ ಗಡಿಯಾರನ! ಪಣಾನ ಬರೋಬರಿ ಅಲ್ಲ!"

ಶಿವಶರಣಪ್ಪ ತಮ್ಮ ಕೈಗಡಿಯಾರವನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. ಮೂರೂವರೆ. "ಬೆಲ್ ಹೊಡದದ್ದು ಎಷ್ಟಕ್ಕ? ಮೂರೂವರಿಗೆ. ಇದರಾಗ ಒಂದು ಅಂತ ಐತಿ. ಇದು ಗಡಿಯಾರಂತ! ಟೈಮ್ ಆಫೀಸಿನಾವಗ ಟೈಮೂ ತಿಳಿಯವಲ್ದು." ಗುಂಪು ಬಿದ್ದು ಬಿದ್ದು ನಕ್ಕಿತು. ಕುವೈತು, ಎರಡೂವರೆ ಗಂಟೆ, ಟ್ರಂಕ್ ಕಾಲ್ ಎಂದು ಕಾಶಿನಾಥ ಹೇಳಿದ್ದೆಲ್ಲ ಆ ನಗುವಿನಲ್ಲಿ ಕೊಚ್ಚಿಹೋಯಿತು. ಹೇಳಬೇಕಾದ ತಾಜುದ್ದೀನ್ ಬೆಲ್ಲಿಗೆ ಹೆದರಿ ಮಿಷನ್ನಿನ ಹತ್ತಿರ ಓಡಿದ್ದ. ಕೆಂಪು ಗೆರೆ ಬಿದ್ದೀತೆಂಬ ಹೆದರಿಕೆ.

ಸಂಜೆ ಶಿಫ್ಟು ಬಿಟ್ಟ ಮೇಲೆ ಗೇಟಿನ ಎದುರಿನ ಸಲೂನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಶಿನಾಥ ಯಾರೂ ಎಳೆದು ತರದೆ ತಾನೇ ನಡೆದು ಬಂದು ಕುರ್ಚಿಯಲ್ಲಿ ಕೂತ. ಸಲೂನಿನವನು ಕತ್ತಿ ಮಸೆದು, ಸೋಪು ಬಳಿದು, ಎಡಕ್ಕೊಂದು ಬಲಕ್ಕೊಂದು ಎಳೆದ. ಕನ್ನಡಿಯಲ್ಲಿ ಯಾರೋ ಬೇರೆಯವನು ಕೂತಿದ್ದ. ಕಾಶಿನಾಥ ಅವನನ್ನು ಒಂದು ಗಳಿಗೆ ಗುರುತು ಹಿಡಿಯದೆ ನೋಡಿದ. ದಾನವ್ವನಿಗೆ ಏನು ಮುಖ ತೋರಿಸಲಿ ಎಂದು ದುಃಖವಾಯಿತು. ಹಿಂದಿನಿಂದ ಶಿವಶರಣಪ್ಪ, "ಈಗರೆ ಒಪ್ಕೋ ತಮ್ಮಾ, ಸೋತೆ ಅಂತ" ಎಂದರು.

ಅಷ್ಟು ಸಾಕಾಯಿತು. ಕಾಶಿನಾಥ ಕುರ್ಚಿಯ ಕೈ ಹಿಡಿದು ಗರ್ರನೆ ತಿರುಗಿದ. ಸೋಪಿನ ನೊರೆಯ ನಡುವೆ ಅವನ ಬೋಳು ತುಟಿ ಬಿಳಿಚಿ ಕಾಣುತ್ತಿತ್ತು.

"ಒಪ್ಪೂದಿಲ್ಲ! ಮೀಸಿ ಹೋತು, ನಾ ಹೋಗಿಲ್ಲ. ನಾಳೆ ಮತ್ತ ಆಡ್ತೀನಿ. ಎಲ್ಲಾರ ಮುಂದ, ಗುಂಡಿ ಒತ್ತಿ, ನಿಮ್ಮ ಅಂಕಿ ದಾಟ್ತೀನಿ. ದಾಟಲಿಲ್ಲಂದ್ರ ತಲಿ ಬೋಳಿಸ್ಕೋತೀನಿ!"

ಕಾಶಿನಾಥ ಮೇಲೆ ಹೊದಿಸಿದ್ದ ಬಟ್ಟೆಯನ್ನು ಕಿತ್ತೆಸೆದು ಎದ್ದೇಳಹೊರಟ.

ಸಲೂನಿನವನು ಅವನ ಭುಜದ ಮೇಲೆ ಮೆತ್ತಗೆ ಕೈಯಿಟ್ಟು ಕೂರಿಸಿದ. "ಏಳ್ಬೇಡಿ ಸಾರ್, ಹಂಗೇ ಕೂತಿರಿ" ಎಂದ. "ನಾಳೆ ಇಲ್ಲಿ ಬಹಳ ರಶ್ಶಿರತ್ತೆ, ಇವತ್ತೇ ಮುಗಿಸಿಬಿಡೋಣ."